ಎತ್ತಿದರೆ ಬರುವ ಬಾಗಿಲು

ನಮ್ಮ ಅತ್ತೆಯ ಬಲಗಾಲು ಮಡಚುವುದಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು, ಕಲಬುರಗಿಯಲ್ಲಿ ರಾಡು ಹಾಕಿಸಿಕೊಂಡು ಬಂದ ಮೇಲೆ ಅದು ಒನಕೆಯ ಹಾಗೆ ನೆಟ್ಟಗಾಗಿಬಿಟ್ಟಿತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

ಆ ವರ್ಷ ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಒಂದೇ ಹಟ ಹಿಡಿದರು: ಮಣ್ಣೂರಿನ ಹೊಲಕ್ಕೆ ಹೋಗಿ ಚರಗ ತಾವೇ ಚೆಲ್ಲಬೇಕು. ಭಜ್ಜಿ, ಕಡಬು, ಸಜ್ಜಿರೊಟ್ಟಿ ಕಲಸಿ ಪೈರಿನ ನಾಲ್ಕೂ ದಿಕ್ಕಿಗೆ ಎರಚಿ ಭೂಮಿತಾಯಿಗೆ ಉಣಿಸುವ ಕೆಲಸ ಅದು. ಮಾವ ತೀರಿಕೊಂಡ ಮೇಲೆ ಅತ್ತೆಯೇ ಮಾಡುತ್ತ ಬಂದಿದ್ದರು. ನಾನು ಈ ಮನೆಗೆ ಸೊಸೆಯಾಗಿ ಬಂದು ತಲೆ ನರೆತರೂ ಚರಗದ ಬುಟ್ಟಿಯನ್ನು ಒಮ್ಮೆಯೂ ನನ್ನ ಕೈಗೆ ಕೊಟ್ಟವರಲ್ಲ. ಹಿಂದಿನಿಂದ ನೀರು ಚಿಮುಕಿಸುತ್ತ ಹೋಗುವುದಷ್ಟೇ ನನ್ನ ಪಾಲು. ಈ ಸಲ ನಾನು ಚೆಲ್ಲುತ್ತೇನೆ, ನೀವು ಮನೆಯಲ್ಲಿರಿ ಎಂದದ್ದಕ್ಕೆ ಒಂದು ಹೊತ್ತು ಊಟ ಬಿಟ್ಟರು. ಅವರ ಮಗ, ಅಂದರೆ ನನ್ನ ಗಂಡ, ಎತ್ತಿಕೊಂಡು ಹೋಗುತ್ತೇನೆ ಎಂದಾಗ ಬಾಯಿ ತೆರೆದರು.

"ಹೆಣಾ ಎತ್ತಿದಂಗ ನನ್ನ ಎತ್ತಬ್ಯಾಡ್ರಿ. ಚರಗಾ ಚೆಲ್ಲಾಕ ಹೋಗಾಕಿ ನಾ. ಕುಂತು ಹೋಗ್ತೇನಿ."

ಕೂತು ಹೋಗುವುದಕ್ಕೆ ನಮ್ಮಲ್ಲಿದ್ದದ್ದು ಒಂದು ಹಳೆಯ ಜೀಪು. ಜೇವರ್ಗಿ ಕಡೆಯವರೊಬ್ಬರಿಂದ ಗಂಡ ಕೊಂಡು ತಂದದ್ದು. ಡಾಂಬರು ರಸ್ತೆ ಬಿಟ್ಟು ಎರಿಮಣ್ಣಿನ ಗಾಡಿದಾರಿಗೆ ಇಳಿದರೆ ಅದೊಂದೇ ಹೋಗುವುದು. ಆದರೆ ನೆಟ್ಟಗಿನ ಕಾಲು ಮುಂದಿನ ಸೀಟಿನಲ್ಲಿ ಹಿಡಿಸುವುದಿಲ್ಲ. ಹೊರಗೆ ಚಾಚಿದರೆ ಬಾಗಿಲು ಮುಚ್ಚುವುದಿಲ್ಲ. ತೆರೆದಿಟ್ಟರೆ ದಾರಿಯುದ್ದಕ್ಕೂ ಕಾಲಿಗೇ ಬಡಿಯುತ್ತದೆ. ಬಾಗಿಲನ್ನೇ ಬಿಚ್ಚೋಣವೆಂದರೆ ಅದರ ಬಿಜಾಗ್ರಿಯ, ಅಂದರೆ ಬಾಗಿಲು ತಿರುಗುವ ಕೀಲಿನ, ಬೋಲ್ಟುಗಳು ತುಕ್ಕು ಹಿಡಿದು ಕೂತಲ್ಲೇ ಸುತ್ತುತ್ತಿದ್ದವು.

ಅಫಜಲಪುರದಲ್ಲಿ ನಮ್ಮ ಓಣಿಯ ಕೊನೆಗೆ ಮನೆಗಳ ಗೇಟು ಮಾಡುವ ವೆಲ್ಡಿಂಗಿನವರೊಬ್ಬರಿದ್ದಾರೆ. ಹಳೆಯ ಬಿಜಾಗ್ರಿ ಕತ್ತರಿಸಿ, ಜೀಪಿನ ಮೈಗೆ ಎರಡು ಗೂಟ, ಬಾಗಿಲಿಗೆ ಎರಡು ಕೊಳವೆ ಬೆಸೆದರೆ ಆಯಿತು, ಬಾಗಿಲು ಬೇಕಾದಾಗ ಮೇಲೆತ್ತಿ ಇಳಿಸಬಹುದು ಎಂದರು. ಚೆನ್ನಾಗಿ ಮಾಡಿದರು. ಬಾಗಿಲು ಸದ್ದಿಲ್ಲದೆ ತಿರುಗಿತು. ಬಣ್ಣ ಹಸಿಯಿದೆ, ಒಣಗುವವರೆಗೆ ಎತ್ತಬೇಡಿ ಎಂದರು, ನಾವೂ ಮುಟ್ಟಲಿಲ್ಲ. ಹಬ್ಬದ ಊಟಕ್ಕೆ ಹೊಲಕ್ಕೆ ಬರಬೇಕೆಂದು ಅವರನ್ನೂ ಕರೆದೆವು.

ಅಮಾವಾಸ್ಯೆಯ ಬೆಳಿಗ್ಗೆ ಅತ್ತೆ ಇಳಕಲ್ ಸೀರೆ ಉಟ್ಟು, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತರು. ಗಂಡ ಬಾಗಿಲು ಎತ್ತಿದರು. ಬರಲಿಲ್ಲ. ನಾನೂ ಕೈ ಹಚ್ಚಿದೆ. ಜೀಪೇ ಅಲುಗಾಡಿತೇ ಹೊರತು ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಊಟಕ್ಕೆಂದು ಬಿಳಿ ಅಂಗಿ ತೊಟ್ಟು ಬಂದ ವೆಲ್ಡಿಂಗಿನವರು ಬಗ್ಗಿ ನೋಡಿ ಹಣೆ ಹಣೆ ಬಡಿದುಕೊಂಡರು. ಕೆಳಗಿನ ಗೂಟ ಮೇಲ್ಮುಖ, ಮೇಲಿನದು ಕೆಳಮುಖ; ಬಾಗಿಲು ಎತ್ತಿದರೆ ಮೇಲಿನ ಗೂಟ ತಡೆಯುತ್ತಿತ್ತು. ಕಳ್ಳರು ಎತ್ತಿಕೊಂಡು ಹೋಗಬಾರದೆಂದು ಊರ ಗೇಟಿಗೆಲ್ಲ ಹಾಗೇ ಕೂಡಿಸುವುದು.

"ಕೈ ರೂಢಿ ರೀ ಅವ್ವಾರ," ಅಂದರು ಅತ್ತೆಗೆ. "ಎತ್ತಿದ್ರ ಬರಬಾರದು ಅಂತನ ಈ ಕೈ ಕಲ್ತದ."

ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ಅಂದೇಬಿಡುತ್ತಿದ್ದೆ. ಆದರೆ ಅತ್ತೆ ಬುಟ್ಟಿಗೆ ಸೆರಗು ಮುಚ್ಚಿ ಗೋಡೆಯ ಕಡೆ ಮುಖ ತಿರುಗಿಸಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದನ್ನು ನೋಡಲು ಆಗಲಿಲ್ಲ, ಒಳಗೆ ಹೋಗಿ ಅತ್ತುಬಿಟ್ಟೆ.

ವೆಲ್ಡಿಂಗಿನವರು ಓಡಿಹೋಗಿ ಕತ್ತರಿಸುವ ಮಶೀನು ತಂದು, ನಮ್ಮ ಮನೆಯಿಂದಲೇ ಕರೆಂಟು ಎಳೆದು ಮೇಲಿನ ಗೂಟವನ್ನು ಕತ್ತರಿಸಿದರು. ಕಿಡಿ ಹಾರಿ ಬಿಳಿ ಅಂಗಿಯ ತುಂಬ ತೂತು ಬಿದ್ದವು. ಬಾಗಿಲು ಕೈಗೆ ಬಂತು. ಜೀಪಿಗೆ ಕುರ್ಚಿ ತಾಗಿಸಿ ಇಟ್ಟೆವು. ಅತ್ತೆ ಅದರಿಂದ ಸೀಟಿಗೆ ತಾವೇ ಸರಿದು, ಅಡ್ಡ ಕೂತು, ಸೀಟಿನಿಂದ ಹೊರಚಾಚುವಂತೆ ನಾವು ಕಟ್ಟಿದ್ದ ಹಲಗೆಯ ಮೇಲೆ ಕೌದಿ ಹಾಸಿ ಕಾಲಿಟ್ಟರು. ಮಣ್ಣೂರಿನವರೆಗೂ ಎದುರಾದವರೆಲ್ಲ ಮೊದಲು ಆ ಕಾಲು ನೋಡಿದರು, ಆಮೇಲೆ ಅವರನ್ನು.

ಹೊಲದಲ್ಲಿ ಗಂಡ ಬದುವಿನ ಗುಂಟ ಜೀಪು ನಿಧಾನ ಓಡಿಸಿದರು. ಬಾಗಿಲಿಲ್ಲದ ಕಡೆಯಿಂದ ಅತ್ತೆ ಜೋಳಕ್ಕೆ ಚರಗ ಎರಚಿದರು, ನಾನು ತಂಬಿಗೆ ಹಿಡಿದು ಹಿಂದೆ ನಡೆದೆ. ಹೊಳೆಯ ಕಡೆಯ ಬದುವಿಗೆ ಜೀಪು ಹೋಗುವುದಿಲ್ಲ. ಅಲ್ಲಿ ಇಳಿದು, ಕೋಲು ಊರಿ, ಹೆಂಟೆ ತುಳಿದು ಆ ದಿಕ್ಕನ್ನೂ ಮುಗಿಸಿದರು. ಬುಟ್ಟಿ ಖಾಲಿಯಾಯಿತು. ಜೀಪಿನವರೆಗೆ ಬಂದರು, ಹತ್ತಲಾಗಲಿಲ್ಲ. ಕುರ್ಚಿ ಮನೆಯಲ್ಲೇ ಉಳಿದಿತ್ತು. ಗಂಡ ಮುಂದೆ ಬಂದರು, ಮುಟ್ಟಲು ಹೆದರಿ ನಿಂತರು.

"ಇನ್ನ ಎತ್ರಿ. ಚರಗಾ ಚೆಲ್ಲಿ ಮುಗೀತು," ಅಂದರು ಅತ್ತೆ. ಮಗ ಕೈ ಚಾಚಿದಾಗ ತಲೆ ಅಲ್ಲಾಡಿಸಿದರು. "ನೀ ಬ್ಯಾಡ. ಆಕಿ ಎತ್ತಲಿ."

ತಂಬಿಗೆ ಕೆಳಗಿಟ್ಟು ಎತ್ತಿದೆ. ಅತ್ತೆ ನನ್ನ ಕೊರಳಿಗೆ ಕೈ ಹಾಕಿದ್ದು ಅದೇ ಮೊದಲು.