ಮಾಯವ್ವನ ನಾರ್ಮಲ್ ರಿಪೋರ್ಟು

ಕಟಕೋಳದ ಮಾಯವ್ವನ ಜೋಳದ ರೊಟ್ಟಿಗೆ ಹೆಸರಿತ್ತು. ರಾಮದುರ್ಗದ ಎರಡು ಖಾನಾವಳಿಗಳಿಗೆ ಕಳಿಸುವ ನೂರೈವತ್ತು ರೊಟ್ಟಿಯನ್ನು ಬೆಳಗಿನ ಬಸ್ಸು ಬರುವುದರೊಳಗೆ ಬಡಿದು, ಓಣಿಯ ಸುದ್ದಿಯನ್ನೂ ಒಂದು ಸುತ್ತು ವಿಚಾರಿಸಿ ಬರುವ ಹೆಂಗಸು ಆಕೆ. ನಲವತ್ತಾರನೆಯ ವಯಸ್ಸಿನಲ್ಲಿ ಥೈರಾಯಿಡ್ ಕಡಿಮೆಯಿದೆ ಎಂದು ಗೊತ್ತಾಯಿತು. ದಿನಾ ಖಾಲಿ ಹೊಟ್ಟೆಯಲ್ಲಿ ಒಂದು ಗುಳಿಗೆ. ಆಕೆ ಒಂದು ದಿನವೂ ತಪ್ಪಿಸಲಿಲ್ಲ. ವರ್ಷದೊಳಗೆ ರಿಪೋರ್ಟು ನಾರ್ಮಲ್ ಆಯಿತು. ಮಾಯವ್ವ ಮಾತ್ರ ಆಗಲಿಲ್ಲ.

ಏಪ್ರಿಲ್ಲಿನಲ್ಲಿ ಊರೆಲ್ಲ ಫ್ಯಾನಿನ ಕೆಳಗೆ ಅಂಗಾತ ಬಿದ್ದಿರುವಾಗ ಆಕೆ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಬಾಚಣಿಗೆಯ ತುಂಬ ಕೂದಲು. ಇಪ್ಪತ್ತು ರೊಟ್ಟಿಗೇ ಕೈ ಸೋಲುತ್ತಿತ್ತು. ಅಡುಗೆಮನೆಗೆ ಹೋಗಿ, ಯಾಕೆ ಬಂದೆನೆಂದು ನೆನಪಾಗದೆ, ಬರಿಗೈಲಿ ತಿರುಗುವುದು ಬೇಡವೆಂದು ಒಂದು ತುಣುಕು ಬೆಲ್ಲ ಬಾಯಿಗೆ ಹಾಕಿಕೊಂಡು ಬರುತ್ತಿದ್ದಳು. ಮೈ ತುಂಬಿಕೊಂಡಿದ್ದಕ್ಕೆ ಥೈರಾಯಿಡ್ ಎಷ್ಟು ಕಾರಣ, ಬೆಲ್ಲ ಎಷ್ಟು ಕಾರಣ ಎಂದು ಕೇಳುವ ಧೈರ್ಯ ಗಂಡ ರಾಮಲಿಂಗಪ್ಪನೊಬ್ಬನಿಗೇ ಇತ್ತು.

"ಡಾಕ್ಟರ್ ಆರಾಮ ಅದಿ ಅಂತಾನ, ನೀ ಇಲ್ಲಂತಿ. ಅಂವಾ ಅಷ್ಟು ವರ್ಷ ಓದ್ಯಾನ. ನೀ ಎಷ್ಟು ಓದೀದಿ?"

"ಅವರು ಪುಸ್ತಕ ಓದ್ಯಾರ್ರಿ. ಈ ಮೈಯಾಗ ಇರಾಕಿ ನಾನು," ಎಂದ ಮಾಯವ್ವ ಅಷ್ಟು ಮಾತಿಗೇ ದಣಿದು ಗೋಡೆಗೆ ಒರಗಿದಳು.

ಮೈದುನನ ಮಗಳು ಉಮಾಶ್ರೀಯನ್ನು ನೋಡಲು ದೇಗಾಂವದ ನಿಜಗುಣಪ್ಪನವರು ಮಗನನ್ನು ಕರೆದುಕೊಂಡು ಬಂದದ್ದು ಆ ದಿನಗಳಲ್ಲೇ. ಹುಡುಗ ಹುಡುಗಿ ಪರಸ್ಪರ ಒಪ್ಪಿದ್ದರು. ಮನೆಯ ಹಿರಿಯ ಹೆಂಗಸೆಂದು ಮಾಯವ್ವನನ್ನು ನಡುವೆ ಕೂರಿಸಿದ್ದರು. ಉಪ್ಪಿಟ್ಟು, ಚಹಾ ಮುಗಿಯಿತು. ನಿಜಗುಣಪ್ಪ ಆಕೆಯತ್ತ ತಿರುಗಿ ಕೇಳಿದರು: "ಬರೋ ತಿಂಗಳದಾಗ ಲಗ್ನ ಮಾಡಿಬಿಡೂಣೇನ್ರಿ, ಅಕ್ಕಾರ?"

ಮಾಯವ್ವ ತಲೆಯಾಡಿಸಿದಳು.

"ನಿಮ್ಮ ಮನಿ ಮುಂದನ?"

ಮತ್ತೆ ತಲೆಯಾಡಿಸಿದಳು.

"ಸಾವಿರ ಮಂದಿ ಬರತೇವ್ರಿ ಮತ್ತ!"

ಈ ಸಲ ತಲೆ ಎದೆಯವರೆಗೂ ಬಾಗಿತು. ಬರುವ ತಿಂಗಳೇ ಬಿ.ಎಡ್. ಪರೀಕ್ಷೆಯಿದ್ದ ಉಮಾಶ್ರೀ ತಡೆಯಲಾರದೆ ಬಾಯಿ ಬಿಟ್ಟಳು: "ಮಾವಾರ, ದೊಡ್ಡವ್ವ ಒಪ್ಪಿಗಿ ಕೊಡಾಕತ್ತಿಲ್ರಿ. ನಿದ್ದಿ ಮಾಡಾಕತ್ತಾಳ!"

ಮನೆ ತುಂಬ ನಗೆ ಎದ್ದಿತು. ನಿಜಗುಣಪ್ಪನವರೇ ಎಲ್ಲರಿಗಿಂತ ಜೋರಾಗಿ ನಕ್ಕು, ಹುಡುಗಿಯ ಪರೀಕ್ಷೆಯ ವಿಷಯ ತಿಳಿದು, ಅದು ಮುಗಿದ ಮೇಲೆಯೇ ಲಗ್ನ ಎಂದರು. ಎಚ್ಚೆತ್ತ ಮಾಯವ್ವನೂ ನಕ್ಕಳು. ಬೀಗರು ಹೋದ ಮೇಲೆ ಮಾತ್ರ ಹಿತ್ತಲ ಕಟ್ಟೆಯ ಮೇಲೆ ಕೂತು ಅತ್ತಳು. ಹಾಸ್ಯ ಮಾಡಲೆಂದೇ ಹಿಂದೆ ಬಂದಿದ್ದ ರಾಮಲಿಂಗಪ್ಪ ಅಲ್ಲೇ ನಿಂತ.

"ನಾ ಮೈಗಳ್ಳಿ ಅಲ್ರಿ," ಎಂದಳು. "ಖರೇನ ಆಗವಲ್ದು."

ಸೋಮವಾರ ಇಬ್ಬರೂ ರಾಮದುರ್ಗದಲ್ಲಿ ಬೇರೊಬ್ಬ ಡಾಕ್ಟರಬಾಯಿ ಹತ್ತಿರ ಹೋದರು. ಫೈಲು ಮುಂದಿಟ್ಟು ರಾಮಲಿಂಗಪ್ಪನೇ ಮಾತು ತೆಗೆದ. "ಬಾಯಾರ, ಕಾಗದ ಆರಾಮ ಐತ್ರಿ. ಆದ್ರ ರೊಟ್ಟಿ ಬಡಿಯೂದು ಕಾಗದ ಅಲ್ಲ, ಇಕಿ. ಇಕೀಗೆ ಆರಾಮಿಲ್ರಿ."

ಡಾಕ್ಟರಬಾಯಿ ನಕ್ಕು ಕುರ್ಚಿ ಮುಂದಕ್ಕೆಳೆದುಕೊಂಡರು. ಊಟ, ನಿದ್ದೆ, ಮುಟ್ಟು ಎಲ್ಲವನ್ನೂ ಕೇಳಿ, ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯಿಡ್ ಈ ಸಲವೂ ನಾರ್ಮಲ್. ಆದರೆ ರಕ್ತದಲ್ಲಿ ಕಬ್ಬಿಣದ ಅಂಶವೂ ಬಿ-೧೨ ಕೂಡ ತೀರಾ ಕಡಿಮೆ.

"ಈ ಕಬ್ಬಿಣದ ಗುಳಿಗಿ ಥೈರಾಯಿಡ್ ಗುಳಿಗಿ ಜೋಡಿ ನುಂಗಬ್ಯಾಡ್ರಿ, ನಾಕ ತಾಸು ಬಿಟ್ಟು ನುಂಗ್ರಿ. ಇದರಿಂದ ಎಲ್ಲಾ ಹೋಗತೈತಿ ಅಂತ ಮಾತ್ರ ನಾ ಹೇಳಂಗಿಲ್ಲ."

ಎಲ್ಲಾ ಹೋಗಲಿಲ್ಲ. ನಾಲ್ಕು ತಿಂಗಳಲ್ಲಿ ರೊಟ್ಟಿ ಎಂಬತ್ತಕ್ಕೆ ಏರಿತು, ಅಲ್ಲಿಗೇ ನಿಂತಿತು. ಒಂದು ಖಾನಾವಳಿಯನ್ನು ಮಾಯವ್ವ ಓಣಿಯ ಕೆಂಚವ್ವನಿಗೆ ಬಿಟ್ಟುಕೊಟ್ಟಳು. ಕೆಲವು ದಿನ ಮೊದಲಿನಂತೆ ಓಡಾಡುತ್ತಾಳೆ, ಕೆಲವು ದಿನ ಏಳಲೇ ಆಗುವುದಿಲ್ಲ. ಅಂಥ ದಿನ ಹಿಟ್ಟು ನಾದುವುದು ರಾಮಲಿಂಗಪ್ಪನ ಪಾಲು. ಮಧ್ಯಾಹ್ನ ಆಕೆ ಮಲಗಿದಾಗ ಹೊಸ್ತಿಲಲ್ಲಿ ಕೂತು, ಬಂದವರಿಗೆಲ್ಲ ದನಿ ತಗ್ಗಿಸಿ ಹೇಳುತ್ತಾನೆ: "ಮಲಗ್ಯಾಳ. ಒಂದ ತಾಸು ಬಿಟ್ಟು ಬರ್ರಿ."