ಲಿನಕ್ಸ್ ಹಾಕಿಕೊಂಡು ಜಾತಕ ಕಳಕೊಂಡಿದ್ದು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಇದನ್ನು ಯಾರೂ ಮರೆಯಬಾರದು ಅಂತ ಶಿಡ್ಲಘಟ್ಟದ ನನ್ನ ಅಂಗಡಿಯ ಬೋರ್ಡಿನಲ್ಲಿ ಅಂಗಡಿ ಹೆಸರಿಗಿಂತ ದಪ್ಪಗೆ 'ಬಿ.ಎಸ್ಸಿ.' ಅಂತ ಬರೆಸಿದ್ದೆ. ಅದರ ಕೆಳಗೆ ಕಂಪ್ಯೂಟರ್ ತರಬೇತಿ, ಲಗ್ನಪತ್ರಿಕೆ, ಕಂಪ್ಯೂಟರ್ ಜಾತಕ. ಅಪ್ಪ ರೇಷ್ಮೆ ನೂಲು ತೆಗೆಯೋರು. ಬಿಸಿನೀರಿನಲ್ಲಿ ಗೂಡು ಅದ್ದಿ ಅದ್ದಿ ಅವರ ಬೆರಳ ತುದಿ ಸದಾ ಬೆಳ್ಳಗೆ ಸುಕ್ಕಾಗಿರುತ್ತಿತ್ತು. ಆ ಬೆರಳಿನ ದುಡಿಮೆಯಲ್ಲಿ ಓದಿದ ನಾನು ಮೌಸ್ ಹಿಡಿದು ಕೂತಿದ್ದೆ. ಸೊಕ್ಕು ಇರದೆ ಇರುತ್ತಾ?

ನಿಜ ಹೇಳಬೇಕೆಂದರೆ ಅನ್ನ ಹಾಕುತ್ತಿದ್ದದ್ದು ಜಾತಕ ಒಂದೇ. ತರಬೇತಿಗೆ ಬರುವವರು ತರುವ ಫ್ಲಾಪಿಯಿಂದ ವೈರಸ್ ಹತ್ತುತ್ತಿತ್ತು, ವಿಂಡೋಸ್ ಮಲಗುತ್ತಿತ್ತು, ಚಿಕ್ಕಬಳ್ಳಾಪುರದ ಗೆಳೆಯ ಬಂದು ಬೈದುಕೊಂಡು ಮತ್ತೆ ಹಾಕಿಕೊಡುತ್ತಿದ್ದ. ಅದೂ ಕೊಂಡು ತಂದದ್ದಲ್ಲ, ಕಾಪಿ. ಅಂಥ ಹೊತ್ತಿನಲ್ಲಿ ಒಂದು ಕಂಪ್ಯೂಟರ್ ಮ್ಯಾಗಜೀನಿನ ಜೊತೆ ಪುಕ್ಕಟೆ ಸಿ.ಡಿ.ಯಲ್ಲಿ, ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಲಿನಕ್ಸ್ ಬಂತು. ಇದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು ಅಂತ ಓದಿ ಎದೆ ಉಬ್ಬಿತು. ಬಿಚ್ಚಿದರೆ ನನಗೇನು ಅರ್ಥವಾಗುತ್ತೆ ಅನ್ನೋದು ಮಾತ್ರ ಹೊಳೆಯಲಿಲ್ಲ.

ಹಾಕುವಾಗ, ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ ಅಂತ ಅದು ಇಂಗ್ಲಿಷಿನಲ್ಲಿ ಕೇಳಿತು. ಇಂಗ್ಲಿಷಿನಲ್ಲಿ ಯಾರೇನು ಕೇಳಿದರೂ ಯೆಸ್ ಅನ್ನುವುದು ನನಗೆ ಕಾಲೇಜಿನಿಂದ ಬಂದ ಅಭ್ಯಾಸ. ವಿಂಡೋಸ್ ಹೋಯಿತು. ಅದರೊಳಗಿದ್ದ ಜಾತಕದ ಪ್ರೋಗ್ರಾಮೂ ಹೋಯಿತು. ಉಳಿದದ್ದು ಕಪ್ಪು ಪರದೆ, ಬಿಳಿ ಅಕ್ಷರ. ಮೌಸ್ ಎಷ್ಟು ಉಜ್ಜಿದರೂ ಏನೂ ಅಲ್ಲಾಡಲಿಲ್ಲ. ಸ್ವಾತಂತ್ರ್ಯ ಅಂದರೆ ಹೀಗೇ ಇರುತ್ತೇನೋ ಅಂದುಕೊಂಡೆ.

ಅದೇ ವಾರ ಹೆಣ್ಣಿನ ಕಡೆಯವರು ಅಂಗಡಿಗೇ ಬಂದುಬಿಟ್ಟರು. ಚಿಂತಾಮಣಿಯ ಹುಡುಗಿ. ನೋಡಿಕೊಂಡು ಬಂದಿದ್ದೆ. ಬಂದಾಗಿನಿಂದ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅಷ್ಟು ಹಿಡಿಸಿದ್ದಳು. ಬಂದವರು ಅವಳ ಸೋದರಮಾವ, ಜೊತೆಗೆ ಆತನ ತಾಯಿ, ಅಂದರೆ ಹುಡುಗಿಯ ಅಜ್ಜಿ.

ಮಾವ ನೇರವಾಗಿ ವಿಷಯಕ್ಕೆ ಬಂದರು. "ನೋಡಪ್ಪ, ನಮ್ಮ ಜೋಯಿಸರು ಎರಡು ಜಾತಕಾನೂ ಹೊಂದಲ್ಲ ಅಂದ್ಬಿಟ್ರು. ಅವರಿಗೂ ವಯಸ್ಸಾಯ್ತು, ಕಣ್ಣು ಮಂಜು. ಕಂಪ್ಯೂಟರ್ ತಪ್ಪು ಹೇಳಲ್ವಂತೆ. ನೀವೇ ಒತ್ತಿ ನೋಡಿ. ಹೊಂದ್ತದೆ ಅಂತ ಬಂದ್ರೆ ಮುಂದಿನ ಮಾತು ಆಡಣ. ಇಲ್ಲಾಂದ್ರೆ ಇಲ್ಲಿಗೇ ಬಿಡಣ."

ನಾನು ಕುರ್ಚಿಯನ್ನು ಪರದೆಗೆ ಅಡ್ಡವಾಗಿ ಎಳೆದುಕೊಂಡೆ. "ಸಾರ್, ಈಗ ಸಿಸ್ಟಮ್ ಬದಲಾಯಿಸಿದೀನಿ. ಇದು ಲಿನಕ್ಸ್ ಅಂತ. ಒಬ್ಬರ ಸೊತ್ತಲ್ಲ, ಎಲ್ಲರದೂ..."

"ಜಾತಕ ಬರ್ತದಾ?"

"ಇನ್ನೂ ಇಲ್ಲ."

"ಹಳೇದ್ರಲ್ಲಿ?"

"ಬರ್ತಿತ್ತು."

"ಎಲ್ಲೈತೆ ಅದು?"

"ಅಳಿಸಿದೆ."

ಮಾವ ತಾಯಿಯ ಕಡೆ ತಿರುಗಿದರು. "ಪುಕ್ಕಟೆ ಬಂತು ಅಂತ ಅನ್ನ ಹಾಕೋದನ್ನ ಅಳಿಸವ್ರೆ ಕಣಮ್ಮ."

ಅಜ್ಜಿಗೆ ನನ್ನ ಮೇಲೆ ಕನಿಕರ ಬಂತು. "ಇಷ್ಟು ದೊಡ್ಡ ಪೆಟ್ಟಿಗೆ. ಏನೂ ಬರಲ್ವಾ ನಾಯ್ನಾ ಇದಕ್ಕೆ?"

ನನಗೆ ಆಗ ಬರುತ್ತಿದ್ದದ್ದು ಎರಡೇ ಕಮಾಂಡು. ಒಂದು ಫೈಲುಗಳ ಹೆಸರು ತೋರಿಸುವುದು. ತೋರಿಸಲು ಫೈಲೇ ಉಳಿದಿರಲಿಲ್ಲ. ಇನ್ನೊಂದು, ತಿಂಗಳು ಇಸವಿ ಹೊಡೆದರೆ ಆ ತಿಂಗಳ ಕ್ಯಾಲೆಂಡರ್ ತೋರಿಸುವುದು. ಮಾನ ಉಳಿಸಿಕೊಳ್ಳಲು ಬೇರೆ ದಾರಿ ಕಾಣದೆ, "ಹುಡುಗಿ ಹುಟ್ಟಿದ ದಿನ ಹೇಳಿ ಸಾರ್," ಅಂದೆ. ಜೂನ್ ಒಂದು ಅಂದರು, ಇಸವಿ ಹೇಳಿದರು. ಹೊಡೆದೆ. ಅಂಕಿಗಳ ಸಾಲು ಮೂಡಿತು. ನಕ್ಷತ್ರ ಹೇಳುವವನ ಗತ್ತಿನಲ್ಲಿ, "ಮಂಗಳವಾರ," ಅಂದೆ.

ಅಜ್ಜಿ ಎದ್ದು ನಿಂತರು. "ಮಂಗಳವಾರಮಾ? ಎವರು ಚೆಪ್ಪಿಂದಿ?" ಯಾರು ಹೇಳಿದ್ದು ಅಂತ ತೆಲುಗಿನಲ್ಲಿ ಗದರಿ ಕನ್ನಡಕ್ಕೆ ಇಳಿದರು. "ಶುಕ್ರವಾರ ಕಣೋ! ಹೊಸ್ತಿಲಿಗೆ ಅರಿಸಿನ ಹಚ್ಚಿ ಕೈ ತೊಳೀತಿದ್ದೆ, ಒಳಗೆ ಮಗು ಅಳ್ತು. ಎತ್ಕೊಂಡವಳು ನಾನು. ನಿನ್ನ ಪೆಟ್ಟಿಗೆ ಬಂದಿತ್ತಾ ಅಲ್ಲಿಗೆ?"

"ಮಾರ್ಕ್ಸ್ ಕಾರ್ಡಲ್ಲಿ ಜೂನ್ ಒಂದು ಅಂತೈತಲ್ಲಮ್ಮ. ಅದನ್ನೇ ಜೋಯಿಸರಿಗೆ ಕೊಟ್ಟಿದ್ದು," ಅಂದರು ಮಾವ.

"ಅದು ಹೆಡ್‌ಮಾಸ್ಟ್ರು ಬರ್ಕೊಂಡಿದ್ದು. ಸ್ಕೂಲಿಗೆ ಸೇರಿಸುವಾಗ ಯಾವತ್ತು ಹುಟ್ಟಿದ್ದು ಅಂತ ಕೇಳಿದ್ರೆ ನಿಮ್ಮ ಭಾವ ಬಾಯಿ ಬಿಟ್ಕೊಂಡು ನಿಂತವ್ರೆ. ಮಾಸ್ಟ್ರೇ ಜೂನ್ ಒಂದು ಅಂತ ಬರೆದ್ರು."

ಮಾವ ನಿಧಾನಕ್ಕೆ ನನ್ನ ಕಡೆ ನೋಡಿದರು. "ನಿಮ್ದು ಯಾವಾಗಪ್ಪ?"

ನಂದೂ ಜೂನ್ ಒಂದು. ನಮ್ಮ ತರಗತಿಯಲ್ಲಿ ಮುಕ್ಕಾಲು ಮಂದಿ ಅವತ್ತೇ ಹುಟ್ಟಿದವರು. ಹೊಡೆದೆ. ಗುರುವಾರ ಬಂತು. ಆದರೆ ಹುಟ್ಟಿದ ವಾರ ಅಂತ ಅಮ್ಮ ನನಗೆ ಸೋಮವಾರ ಕಟಿಂಗ್ ಮಾಡಿಸಿಕೊಳ್ಳೋಕೆ ಇವತ್ತಿಗೂ ಬಿಡುವುದಿಲ್ಲ. ಊರಿನವರಿಗೆಲ್ಲ ಜಾತಕ ತೆಗೆದುಕೊಡುವ ಬಿ.ಎಸ್ಸಿ.ಯವನು ನಾನು. ನನ್ನದನ್ನೂ ನಾನೇ ಪ್ರಿಂಟ್ ತೆಗೆದು, ಸುತ್ತ ಬಳ್ಳಿಯ ಬಾರ್ಡರ್ ಕೊಟ್ಟು ಹೆಣ್ಣಿನ ಮನೆಗೆ ಕಳಿಸಿದ್ದೆ. ಈ ಎರಡನ್ನೂ ಕೂಡಿಸಿ ಒಂದು ಸಲವೂ ಯೋಚಿಸಿರಲಿಲ್ಲ. ಇದರಲ್ಲಿ ಗುರುವಾರ, ಅಮ್ಮ ಹೇಳೋದು ಸೋಮವಾರ ಅಂತ ಮೆಲ್ಲಗೆ ಹೇಳಿದೆ.

ಮಾವ ನಕ್ಕ ನಗುವಿಗೆ ಪ್ಲಾಸ್ಟಿಕ್ ಕುರ್ಚಿ ಕಿರುಗುಟ್ಟಿತು. "ಅಂದ್ರೆ ನಮ್ಮ ಜೋಯಿಸರು ಹೊಂದಲ್ಲ ಅಂದಿದ್ದು ಹುಡುಗ ಹುಡುಗೀಗಲ್ಲ, ಇಬ್ರು ಹೆಡ್‌ಮಾಸ್ಟ್ರಿಗೆ!"

"ಸರಿಯಾದ ದಿನ ಇಬ್ಬರದೂ ಗೊತ್ತಿಲ್ಲ. ಇನ್ಯಾವ ಜಾತಕ?" ಅಂದರು ಅಜ್ಜಿ. "ನಡಿ, ಹುಡುಗೀನೇ ಕೇಳಣ."

ಮೆಟ್ಟಿಲಿಳಿಯುತ್ತಾ ಮಾವ ತಿರುಗಿ ನಿಂತರು. "ಅವಳು ಒಪ್ಪಿದ್ರೂ ನಂದೊಂದು ಮಾತೈತೆ. ಮೊದಲು ಆ ಹಳೇದನ್ನ ಹಾಕ್ಸಿ. ನಮ್ಮ ಹುಡುಗಿ ಬರೀ ಸೋಮವಾರ ಮಂಗಳವಾರ ತಿಂದ್ಕೊಂಡು ಬದುಕೋಕಾಗಲ್ಲ."

ಮರುದಿನವೇ ಗೆಳೆಯನನ್ನು ಕರೆಸಿ, ಅವನ ಬೈಗುಳ ಕೇಳಿಕೊಂಡು, ಲಿನಕ್ಸ್ ಅಳಿಸಿ ವಿಂಡೋಸ್ ಹಾಕಿಸಿದೆ. ನಾನು ಮಾಡಿದ್ದು ಅದೊಂದೇ ಕ್ರಾಂತಿ, ಅದಕ್ಕೆ ವಾರ ತುಂಬಲಿಲ್ಲ.

ಸ್ವಲ್ಪ ದಿನಕ್ಕೆ ಪಕ್ಕದ ಎಸ್.ಟಿ.ಡಿ. ಬೂತಿಗೆ ಮಾವನ ಫೋನು ಬಂತು. ಓಡಿದೆ.

"ಹುಡುಗಿ ಒಪ್ಪವ್ಳೆ ಕಣಪ್ಪ. ಕಂಪ್ಯೂಟರ್ ಏನ್ ಮಾಡಿದ್ರಿ?"

"ಮೊದಲಿನ ಥರಾನೇ ಮಾಡ್ಸಿದೀನಿ ಸಾರ್. ಜಾತಕ ಬರ್ತಾ ಇದೆ."

"ಅಯ್ಯೋ! ಅವರಜ್ಜಿ ಹೇಳಿದ್ದು ಕೇಳಿ, ಹೆಡ್‌ಮಾಸ್ಟ್ರನ್ನ ಹಿಡ್ಕೊಟ್ಟ ಪೆಟ್ಟಿಗೇನ ನೋಡ್ಲೇಬೇಕು ಅಂತ ಕೂತವ್ಳೆ. ಭಾನುವಾರ ಕರ್ಕೊಂಡು ಬರ್ತೀವಿ."

"ಬನ್ನಿ ಸಾರ್, ಇರ್ತದೆ," ಅಂದೆ. ಫೋನಿಟ್ಟವನೇ ಅಂಗಡಿ ಬಾಗಿಲು ಎಳೆದು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ಈ ಸಲ ಜಾತಕ ಅಳಿಸದೆ ಲಿನಕ್ಸ್ ಹಾಕಿಸಬೇಕಿತ್ತು. ಗೆಳೆಯನಿಗೆ ಏನು ಸುಳ್ಳು ಹೇಳೋದು ಅಂತ ದಾರಿಯುದ್ದಕ್ಕೂ ಹುಡುಕಿದೆ, ಒಂದೂ ಸಿಗಲಿಲ್ಲ.