ಹೇಗೋ ದಾಟಿದ ಹೊಳೆ

ವನಜಮ್ಮನವರ ವಿಷಯ ಬರೆಯಲೇಬೇಕು. ಸಿನಿಮಾದವರು ಹೊಳೆ ದಂಡೆಯಲ್ಲಿ ಬಿಟ್ಟುಹೋದ ಹೀರೋನನ್ನು ಆಚೆ ದಡ ಮುಟ್ಟಿಸಿದವರು ನಮ್ಮ ಕೊಡಗು ರಾಜ್ಯದಲ್ಲಿ ಅವರೊಬ್ಬರೇ.

ಕುಶಾಲನಗರದಿಂದ ಕೂಡಿಗೆ ಕಡೆಗೆ ಹೋಗುವಾಗ ಕಾವೇರಿ ದಂಡೆಯಲ್ಲಿ ಅವರ ಮನೆ. ಹಾಸನದ ಕಡೆಯಿಂದ ಬಂದು ನೆಲೆಸಿದ ಒಕ್ಕಲು ಮಂದಿಯ ಕೇರಿ ಅದು. ಅಲ್ಲಿನ ಹೆಂಗಸರಲ್ಲಿ ಓದು ಬಲ್ಲವರು ವನಜಮ್ಮ ಮಾತ್ರ. ಅವರೆಕಾಯಿ ಕಾಲದಲ್ಲಿ ಅವರ ಜಗಲಿ ತುಂಬುತ್ತದೆ. ಉಳಿದವರು ನೆನೆಸಿದ ಕಾಳು ಹಿತುಕುತ್ತಾರೆ, ವನಜಮ್ಮ ಕಾದಂಬರಿ ಓದುತ್ತಾರೆ. ಅಳುವ ಭಾಗ ಬಂದರೆ ಸಿಪ್ಪೆಯೂ ಕಾಳೂ ಒಂದೇ ಪಾತ್ರೆಗೆ ಬೀಳುತ್ತವೆ.

ಒಂದು ವರ್ಷ ಜಯಸೇನನ ಕಥೆ ಓದಿದರು. ಜಯಸೇನ ಮೆಚ್ಚಿದ ಹುಡುಗಿಗೆ ಹೊಳೆಯಾಚೆ ಬೇರೊಬ್ಬನ ಜೊತೆ ಧಾರೆ. ಇವನು ಈಚೆ ದಂಡೆಯಲ್ಲಿ. ನಡುವೆ ಶ್ರಾವಣದ ಹೊಳೆ ತುಂಬಿ ಹರಿಯುತ್ತಿದೆ. ಪುಸ್ತಕದಲ್ಲಿ ಇದ್ದದ್ದು ಇಷ್ಟೇ: 'ಜಯಸೇನನು ಹೇಗೋ ಹೊಳೆಯನ್ನು ದಾಟಿ ಮಂಟಪವನ್ನು ಸೇರಿದನು.'

ರಂಗಮ್ಮ ಕಾಳು ಹಿತುಕುವುದನ್ನು ನಿಲ್ಲಿಸಿದರು. ಕೇರಿಗೆಲ್ಲ ಹಿರಿಯರು ಅವರು. "ಹೇಗೋ ಅಂದ್ರೆ ಹೆಂಗೆ?"

"ಹೇಗೋ ಅಂದ್ರೆ ಹೇಗೋ ಕಣಕ್ಕ."

"ಶ್ರಾವಣದ ಹೊಳೆ ಹೇಗೋ ದಾಟಕ್ಕೆ ಅವನೇನು ಕೊಕ್ಕರೆನಾ? ಹಾಳೆ ಹಾರಿಸ್ಬೇಡ ಕಣೆ ವನಜಿ, ಸರ್ಯಾಗಿ ಓದು."

ಆ ಹೊತ್ತಿಗೆ ಹರಿಗೋಲು ನಡೆಸುವ ಜವರ ಹುಟ್ಟು ಹೆಗಲ ಮೇಲಿಟ್ಟುಕೊಂಡು ಬೀದಿಯಲ್ಲಿ ಹೋಗುತ್ತಿದ್ದ. ವನಜಮ್ಮ ಕಣ್ಣೆತ್ತಿ ಅವನನ್ನು ನೋಡಿದರು. ಮತ್ತೆ ಪುಸ್ತಕಕ್ಕೆ ಕಣ್ಣಿಟ್ಟು, "ಅಲ್ಲಿ ಜವರನೆಂಬ ಅಂಬಿಗನಿದ್ದನು," ಎಂದು ಓದಿದರು. ಜವರ ಹರಿಗೋಲು ತಂದ, ಸುಳಿಗೆ ಸಿಕ್ಕಿದ, ಹುಟ್ಟು ಮುರಿಯಿತು, ಕೈಯಲ್ಲೇ ನೀರು ಸರಿಸಿ ದಡ ಮುಟ್ಟಿಸಿದ. ರಂಗಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಇದು ಓದು," ಎಂದರು.

ಅಂದಿನಿಂದ ಕೇರಿಯಲ್ಲಿ ಜಯಸೇನನಿಗಿಂತ ಜವರನೇ ದೊಡ್ಡವನಾದ. ಜವರನ ಕಿವಿಗೂ ಬಿತ್ತು. ಹರಿಗೋಲು ಹತ್ತಿದವರಿಗೆಲ್ಲ, "ನಾನು ಬುಕ್ಕಲ್ಲಿ ಇವ್ನಿ, ಅಲ್ಲಾಡ್ದೆ ಕೂತ್ಕಳಿ," ಎನ್ನತೊಡಗಿದ.

ಎರಡು ಬೇಸಿಗೆ ಕಳೆದ ಮೇಲೆ ಅದೇ ಕಥೆ ಸಿನಿಮಾ ಆಯಿತು. ಮೈಸೂರಿನಲ್ಲಿ ನೂರು ದಿನ ಓಡಿ ಕುಶಾಲನಗರದ ಟೆಂಟಿಗೆ ಬಂತು. ಕೇರಿಗೆ ಕೇರಿಯೇ ಹೊರಟಿತು. ವನಜಮ್ಮನಿಗೆ ಹೋಗಲು ಹೆದರಿಕೆ. ಪುಸ್ತಕದಲ್ಲೇ ಇಲ್ಲದ ಜವರ ಪರದೆ ಮೇಲೆ ಎಲ್ಲಿಂದ ಬರಬೇಕು? ಅದು ಗೊತ್ತಾದರೆ ಇಷ್ಟು ವರ್ಷ ಓದಿದ್ದೆಲ್ಲ ಸುಳ್ಳು ಎಂದಾಗುತ್ತದೆ. ಇನ್ನು ಜಗಲಿ ಹತ್ತುವವರು ಯಾರು? ತಲೆನೋವು ಅಂದರು. ರಂಗಮ್ಮ ಬಿಡಲಿಲ್ಲ. ಅಕ್ಷರ ಬಾರದಿದ್ದರೂ ಪುಸ್ತಕವನ್ನು ಮಡಿಲಲ್ಲಿ ಕಟ್ಟಿಕೊಂಡಿದ್ದರು. "ಏನಾರ ಬಿಟ್ಟಿದ್ರೆ ಹಿಡ್ಕಂಡು ಕೇಳಾಣ."

ಜವರ ಒಗೆದ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಗಂಡಸರ ಕಡೆ ಮುಂದೆಯೇ ಕೂತಿದ್ದ.

ಟೆಂಟಿನಲ್ಲಿ ಒಂದೇ ಮಿಷನ್ನು. ರೀಲು ಬದಲಿಸುವಾಗ ದೀಪ ಹಾಕುತ್ತಾರೆ. ಸರಿಯಾಗಿ ಜಯಸೇನ ಹೊಳೆ ದಂಡೆಗೆ ಬಂದು ನಿಂತಾಗ ರೀಲು ಮುಗಿಯಿತು. ಹೆಂಗಸರೆಲ್ಲ ಜವರನ ಕಡೆ ತಿರುಗಿದರು. ಜವರ ಮೀಸೆ ಸರಿಮಾಡಿಕೊಂಡ.

ದೀಪ ಆರಿತು. ಜಯಸೇನ ಮದುವೆ ಮಂಟಪದಲ್ಲಿ ನಿಂತಿದ್ದ. ಪೇಟ ಕೂಡ ನೆನೆದಿರಲಿಲ್ಲ.

"ರೀಲು ನುಂಗವ್ರೆ," ಎಂದರು ರಂಗಮ್ಮ. "ಜವರನ್ನ ಎಲ್ಲಿ ಬಿಟ್ರಿ?"

"ಜವರ ಎಲ್ಲಿ?" ಎಂದು ಟೆಂಟೆಲ್ಲ ಕೂಗಿತು. ಮಿಷನ್ನು ನಿಂತಿತು. ಮ್ಯಾನೇಜರ್ ಸಿದ್ದರಾಜು ಓಡಿ ಬಂದ.

"ಯಾವ ಜವರ? ಕಥೇಲಿ ಅಂಥವನು ಯಾರೂ ಇಲ್ಲ ಕಣ್ರಮ್ಮ."

"ಪುಸ್ತಕದಾಗೆ ಅವ್ನೆ. ತಗ, ನೀನೇ ಓದು." ರಂಗಮ್ಮ ಮಡಿಲು ಬಿಚ್ಚಿದರು.

ಸಿದ್ದರಾಜು ಹಾಳೆ ತಿರುವಿ, ಜಾಗ ಹುಡುಕಿ, ಗಟ್ಟಿಯಾಗಿ ಓದಿದ: "ಜಯಸೇನನು ಹೇಗೋ ಹೊಳೆಯನ್ನು ದಾಟಿ ಮಂಟಪವನ್ನು ಸೇರಿದನು. ಅಷ್ಟೇ."

ಹೆಂಗಸರೆಲ್ಲ ವನಜಮ್ಮನ ಕಡೆ ತಿರುಗಿದರು. ಜವರ ಎದ್ದು ನಿಂತ. "ಅವ್ವ, ನಾನಿಲ್ವಾ ಅದ್ರಾಗೆ?"

ವನಜಮ್ಮ ತಲೆ ತಗ್ಗಿಸಿದರು. ರಂಗಮ್ಮ ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ಸಿದ್ದರಾಜು ಕೈಯಿಂದ ಪುಸ್ತಕ ಕಿತ್ತುಕೊಂಡರು.

"ನಿಂಗೆ ಓದಕ್ಕೆ ಬರಕಿಲ್ಲ ಕಣಪ್ಪ. ಹೇಗೋ ಅಂತ ಓದ್ದೆ, ಹೆಂಗೆ ಅಂತ ಓದ್ನಿಲ್ಲ."

"ಬರ್ದಿರೋದೇ ಅಷ್ಟು."

"ಬರ್ದೋನು ಹೊಳೆ ಕಂಡವ್ನಲ್ಲ. ಆ 'ಹೇಗೋ' ಒಳಗೇ ಜವರ ಅವ್ನೆ. ನಮ್ಮ ವನಜಿಗೆ ಕಾಣ್ತದೆ, ನಿಂಗೆ ಕಾಣಾಕಿಲ್ಲ. ನೀನು ಶ್ರಾವಣದಾಗೆ ಹೇಗೋ ದಾಟಿ ತೋರ್ಸು, ಸುಮ್ಕಾಯ್ತೀವಿ."

"ಹೋದ ಶ್ರಾವಣದಾಗೆ ಈ ಮ್ಯಾನೇಜರನ್ನ ದಾಟ್ಸಿದ್ದೂ ನಾನೇಯ," ಎಂದ ಜವರ. "ನಡುಮಧ್ಯೆ ವಾಂತಿ ಮಾಡ್ಕಂಡ್ರು."

ನಗು ಎದ್ದಿತು. ಸಿದ್ದರಾಜು ತಲೆ ಕೆರೆದುಕೊಂಡ. "ಆಯ್ತು ತಾಯಿ. ನೀವೇ ದಾಟ್ಸಿ, ಆಮೇಲೆ ಮಿಷನ್ ಹಾಕ್ತೀನಿ."

ವನಜಮ್ಮ ಎದ್ದು ನಿಂತರು. ಮೊದಲು ದನಿ ನಡುಗಿತು. ಹರಿಗೋಲು ಸುಳಿಗೆ ಸಿಕ್ಕುವ ಹೊತ್ತಿಗೆ ಗಟ್ಟಿಯಾಯಿತು. ಹುಟ್ಟು ಮುರಿದಾಗ ಗಂಡಸರೂ ಬೀಡಿ ಕೆಳಗಿಟ್ಟರು. ದಡ ಮುಟ್ಟಿದ ಮೇಲೆ ಹೊಸದೊಂದು ಮಾತು ಬಂತು: "ಏನು ಕೊಡಲಿ ಎಂದು ಜಯಸೇನ ಕೇಳಿದನು. ಮದುವೆ ಊಟ ಹಾಕಿಸು, ಸಾಕು ಎಂದನು ಜವರ."

ಮಿಷನ್ನು ಮತ್ತೆ ಓಡಿತು. ಕೊನೆಗೆ ಮದುವೆ ಊಟದ ಪಂಕ್ತಿ ಬಂತು. ತುದಿಯ ಎಲೆಗೆ ಯಾರೋ ಒಬ್ಬ ಈ ಕಡೆ ಬೆನ್ನು ಹಾಕಿ ಕೂತು ಉಣ್ಣುತ್ತಿದ್ದ.

"ಅಗೋ ಜವರ," ಎಂದರು ರಂಗಮ್ಮ.

ಜವರ ಕತ್ತು ಉದ್ದ ಮಾಡಿ ನೋಡಿದ. "ಹೂಂ ಕಣವ್ವ. ಬೆನ್ನು ನಂದೇಯ."

ಆ ಸಿನಿಮಾ ಇದ್ದಷ್ಟು ದಿನವೂ ಸಿದ್ದರಾಜು ಆ ರೀಲಿಗೆ ವನಜಮ್ಮನನ್ನು ಕರೆಸಿಕೊಂಡ.

ನೀವೂ ಒಮ್ಮೆ ಹೋಗಿ ಅವರನ್ನು ನೋಡಿ. ಅವರೆಕಾಯಿ ಕಾಲವಾದರೆ ಒಳ್ಳೆಯದು, ನಿಮ್ಮ ಕೈಗೂ ಕೆಲಸ ಕೊಡುತ್ತಾರೆ. ಹೇಗೆ ಬಂದಿರಿ ಎಂದು ಜಗಲಿಯಲ್ಲಿ ಕೇಳುತ್ತಾರೆ. ಹೇಗೋ ಬಂದೆ ಅನ್ನಬೇಡಿ. ರಂಗಮ್ಮ ಅಲ್ಲೇ ಕೂತಿರುತ್ತಾರೆ.